ಉಪ್ಪನ್ನು ಮಾತನಾಡಿಸಿದ ಆಚಾರ್ಯ ಪ್ರಫುಲ್ಲಚಂದ್ರ ರಾಯರು

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ನಮ್ಮ ಹಿರಿಯರ ಗಾದೆ. ಹೋಟೆಲಿನ ಉಗ್ರಾಣದಲ್ಲಿ ನಾಲ್ಕು ದಿನ ಕೆಲಸ ಮಾಡಿದವನಿಗೆ ಈ ಗಾದೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಹಲಗೆಯ ಮೇಲೆ ಪುಡಿಯುಪ್ಪು, ಅಡಿಗೆ ಸೋಡ, ಪುಡಿಮಾಡಿದ ಪಟಿಕ, ನುಣ್ಣಗಿನ ಸಕ್ಕರೆ ಎಲ್ಲವೂ ಡಬ್ಬಿಗಳಲ್ಲಿ ಸಾಲಾಗಿ ಕುಳಿತಿರುತ್ತವೆ. ಡಬ್ಬಿಯ ಮೇಲಿನ ಚೀಟಿ ಕಿತ್ತುಹೋಯಿತೆಂದರೆ ಕಣ್ಣಿಗೆ ಎಲ್ಲವೂ ಒಂದೇ. ಅನುಭವಸ್ಥರಾದ ಅಡಿಗೆ ಭಟ್ಟರು ಆಗ ಚಿಟಿಕೆ ಪುಡಿಯನ್ನು ತಟ್ಟೆಯಲ್ಲಿಟ್ಟು ಅದರ ಮೇಲೆ ನಾಲ್ಕು ತೊಟ್ಟು ನಿಂಬೆಯ ರಸವನ್ನು ಹಿಂಡುತ್ತಾರೆ. ಬುಸುಬುಸನೆ ನೊರೆಯೆದ್ದರೆ ಅದು ಸೋಡ; ನೊರೆಯೇಳದಿದ್ದರೆ ಮತ್ತೇನೋ. ಹೀಗೆ ಮಾಡುವಾಗ ರಸಾಯನಶಾಸ್ತ್ರದ ಒಂದು ಮುಖ್ಯ ವಿದ್ಯೆಯ ಮೊದಲನೆಯ ಪಾಠವನ್ನು ಅವರು ತಮಗರಿವಿಲ್ಲದೆಯೇ ನಡೆಸಿರುತ್ತಾರೆ.

ಆ ವಿದ್ಯೆಯ ಹೆಸರು ಲವಣ ಪರೀಕ್ಷೆ. ಪ್ರತಿಯೊಂದು ಲವಣಕ್ಕೂ ಎರಡು ಅಂಗಗಳುಂಟು. ಒಂದು ಲೋಹದ ಕಡೆಯಿಂದ ಬಂದುದು, ಇನ್ನೊಂದು ಆಮ್ಲದ ಕಡೆಯಿಂದ ಬಂದುದು. ಆಮ್ಲದ ಕಡೆಯಿಂದ ಬಂದ ಅಂಗವನ್ನು ಶಾಸ್ತ್ರಜ್ಞರು ಋಣ ಅಯಾನು ಎನ್ನುತ್ತಾರೆ. ಅಡಿಗೆಯ ಉಪ್ಪಿನಲ್ಲಿರುವುದು ಕ್ಲೋರೈಡು, ಸೋಡದಲ್ಲಿ ಬೈಕಾರ್ಬೊನೇಟು, ಪಟಿಕದಲ್ಲಿ ಸಲ್ಫೇಟು, ಬಾಣದ ಮದ್ದಿಗೆ ಹಾಕುವ ಪೆಟ್ಲುಪ್ಪಿನಲ್ಲಿ ನೈಟ್ರೇಟು. ಮುಚ್ಚಿಟ್ಟ ಈ ಅಂಗವನ್ನು ಲವಣದ ಬಾಯಿಂದಲೇ ಹೇಳಿಸುವುದು ಪರೀಕ್ಷಕನ ಕೆಲಸ. ಈ ಕೆಲಸವನ್ನು ತಾಳ್ಮೆಯಿಂದಲೂ ಪ್ರಾಮಾಣಿಕತೆಯಿಂದಲೂ ಮಾಡಿ, 1896ರಷ್ಟು ಹಿಂದೆಯೇ ಭಾರತೀಯನ ಹೆಸರನ್ನು ಪಶ್ಚಿಮದ ವಿಜ್ಞಾನ ಪತ್ರಿಕೆಗಳಲ್ಲಿ ಕಾಣಿಸಿದವರು ಬಂಗಾಳದ ಆಚಾರ್ಯ ಪ್ರಫುಲ್ಲಚಂದ್ರ ರಾಯರು. ಅವರ ಜೀವನದ ಕಥೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪ್ರಫುಲ್ಲಚಂದ್ರರು 1861ನೆಯ ಇಸವಿ ಆಗಸ್ಟ್ 2ರಂದು ರಾರುಲಿ ಎಂಬ ಗ್ರಾಮದಲ್ಲಿ ಜನಿಸಿದರು. ಅಂದು ಜೆಸ್ಸೋರ್ ಜಿಲ್ಲೆಗೆ ಸೇರಿದ್ದ ಈ ಊರು ಇಂದು ಬಾಂಗ್ಲಾದೇಶದಲ್ಲಿದೆ. ತಂದೆ ಹರಿಶ್ಚಂದ್ರ ರಾಯರು ಜಮೀನ್ದಾರರು. ಪಾರಸಿ ಮತ್ತು ಇಂಗ್ಲಿಷ್ ಬಲ್ಲವರು. ಮನೆಯಲ್ಲಿ ಒಳ್ಳೆಯ ಪುಸ್ತಕ ಭಂಡಾರವನ್ನಿಟ್ಟುಕೊಂಡವರು. ತಾಯಿ ಭುವನಮೋಹಿನೀ ದೇವಿಯವರು. ಮಕ್ಕಳ ಓದಿಗಾಗಿ 1870ರಲ್ಲಿ ಈ ಸಂಸಾರ ಕಲ್ಕತ್ತೆಗೆ ಬಂದು ನೆಲೆಸಿತು. ಹುಡುಗನನ್ನು ಹೇರ್ ಸ್ಕೂಲಿಗೆ ಸೇರಿಸಿದರು.

ಕೆಲವು ವರ್ಷಗಳಲ್ಲಿಯೇ ವಿಪತ್ತೊಂದು ಬಂದಿತು. ಬಾಲಕನಿಗೆ ಭಯಂಕರವಾದ ಆಮಶಂಕೆ ತಗುಲಿ, ಶಾಲೆಯನ್ನು ಬಿಟ್ಟು ಹಳ್ಳಿಗೆ ಮರಳಬೇಕಾಯಿತು. ಈ ರೋಗದಿಂದಾದ ದುರ್ಬಲತೆ ಜೀವನಪರ್ಯಂತ ಅವರ ಬೆನ್ನು ಬಿಡಲಿಲ್ಲ. ಮಿತವಾದ ಆಹಾರ, ನಿಯಮಿತವಾದ ನಡಿಗೆ, ಹೊತ್ತಿಗೆ ಸರಿಯಾದ ನಿದ್ರೆ ಇವಿಲ್ಲದೆ ಅವರು ಬದುಕುವಂತಿರಲಿಲ್ಲ. ಆದರೆ ಹಾಸಿಗೆ ಹಿಡಿದ ಆ ದಿನಗಳೇ ಅವರಿಗೆ ವರವಾದುವು. ತಂದೆಯ ಪುಸ್ತಕಗಳನ್ನೆಲ್ಲ ಅವರು ಓದಿ ಮುಗಿಸಿದರು; ತಾವಾಗಿಯೇ ಲ್ಯಾಟಿನ್ ಭಾಷೆಯನ್ನು ಆರಂಭಿಸಿದರು. ಮಹಾಪುರುಷರ ಚರಿತ್ರೆಗಳು, ಅದರಲ್ಲಿಯೂ ಬಡ ಮುದ್ರಣಗಾರನಾಗಿದ್ದು ದೊಡ್ಡ ವಿಜ್ಞಾನಿಯಾದ ಬೆಂಜಮಿನ್ ಫ್ರಾಂಕ್ಲಿನ್ನನ ಕಥೆ, ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಆರೋಗ್ಯ ಸುಧಾರಿಸಿದ ಮೇಲೆ ಅವರು ಮತ್ತೆ ಕಲ್ಕತ್ತೆಗೆ ಬಂದು, ಎಂಟ್ರೆನ್ಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಈಶ್ವರಚಂದ್ರ ವಿದ್ಯಾಸಾಗರರು ನಡೆಸುತ್ತಿದ್ದ ಮೆಟ್ರೊಪಾಲಿಟನ್ ಇನ್‌ಸ್ಟಿಟ್ಯೂಷನ್ನನ್ನು ಸೇರಿದರು. ಅಲ್ಲಿ ಶುಲ್ಕ ಕಡಿಮೆ. ಆದರೆ ರಸಾಯನಶಾಸ್ತ್ರಕ್ಕೆ ಅನುಕೂಲವಿಲ್ಲ. ಆ ಪಾಠಕ್ಕೆಂದು ಅವರು ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ ಅಲೆಕ್ಸಾಂಡರ್ ಪೆಡ್ಲರ್ ಎಂಬ ಅಧ್ಯಾಪಕರ ತರಗತಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಪೆಡ್ಲರರು ಕಣ್ಣಮುಂದೆ ಪ್ರಯೋಗ ಮಾಡಿ ತೋರಿಸುವುದರಲ್ಲಿ ನಿಪುಣರು. ಇತಿಹಾಸ ಮತ್ತು ಸಾಹಿತ್ಯದ ಕಡೆಗೆ ಒಲಿದಿದ್ದ ತರುಣನ ಮನಸ್ಸನ್ನು ಆ ಪ್ರಯೋಗಗಳು ತಮ್ಮತ್ತ ಸೆಳೆದುಕೊಂಡುವು.

1882ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನಕ್ಕೆ ಅಖಿಲ ಭಾರತ ಸ್ಪರ್ಧೆ ನಡೆಯಿತು. ಮನೆಯ ಸ್ಥಿತಿ ಇಳಿಮುಖವಾಗಿದ್ದುದರಿಂದ ವಿಲಾಯತಿಗೆ ಹೋಗಲು ಅವರಿಗೆ ಬೇರೆ ದಾರಿಯಿರಲಿಲ್ಲ. ಆ ವರ್ಷ ಗೆದ್ದವರು ಇಬ್ಬರೇ: ಒಬ್ಬರು ಮುಂಬಯಿಯ ಪಾರ್ಸಿ ತರುಣ, ಇನ್ನೊಬ್ಬರು ಪ್ರಫುಲ್ಲಚಂದ್ರರು.

ಎಡಿನ್‌ಬರೋ ನಗರದಲ್ಲಿ

ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುವಾಗಿ ದೊರೆತವರು ಅಲೆಕ್ಸಾಂಡರ್ ಕ್ರಮ್ ಬ್ರೌನರು. 1885ರಲ್ಲಿ ಅಲ್ಲಿ ಬಿ.ಎಸ್‌ಸಿ. ಪದವಿ ಪಡೆದರು. ಅದೇ ವರ್ಷ ಸಿಪಾಯಿ ದಂಗೆಯ ಹಿಂದಿನ ಮತ್ತು ಮುಂದಿನ ಭಾರತದ ಸ್ಥಿತಿಯನ್ನು ಕುರಿತು ವಿಶ್ವವಿದ್ಯಾಲಯದ ಸ್ಪರ್ಧೆಗಾಗಿ ಪ್ರಬಂಧವೊಂದನ್ನು ಬರೆದು, ಬ್ರಿಟಿಷ್ ಆಡಳಿತದ ಲೋಪಗಳನ್ನು ಮುಚ್ಚುಮರೆಯಿಲ್ಲದೆ ಎತ್ತಿಹಿಡಿದರು. ಸರಕಾರದ ನೌಕರಿಯನ್ನು ನಿರೀಕ್ಷಿಸಬೇಕಾದ ವಿದ್ಯಾರ್ಥಿಗೆ ಇದು ಸಣ್ಣ ಸಾಹಸವಲ್ಲ. ಬಹುಮಾನವೇನೋ ಬರಲಿಲ್ಲ, ಪ್ರಬಂಧ ಮಾತ್ರ ಅಚ್ಚಾಗಿ ಹಲವರ ಕೈ ಸೇರಿತು.

ಡಾಕ್ಟರ್ ಪದವಿಗಾಗಿ ಅವರು ಆರಿಸಿಕೊಂಡ ವಿಷಯವೂ ಲವಣಗಳದೇ. ತಾಮ್ರ, ಮೆಗ್ನೀಸಿಯಂ ಮುಂತಾದ ಲೋಹಗಳ ಸಲ್ಫೇಟುಗಳು ಒಂದರೊಡನೊಂದು ಕೂಡಿ ಜೋಡಿ ಲವಣಗಳಾಗುವ ಬಗೆಯನ್ನು ಅವರು ಶೋಧಿಸಿದರು. 1887ರಲ್ಲಿ ಡಿ.ಎಸ್‌ಸಿ. ಪದವಿ ದೊರೆಯಿತು. ಹೋಪ್ ಪಾರಿತೋಷಿಕವೂ ಬಂದುದರಿಂದ ಇನ್ನೊಂದು ವರ್ಷ ಅಲ್ಲಿಯೇ ನಿಂತು ಕೆಲಸ ಮುಂದುವರಿಸಿದರು.

1888ರ ಆಗಸ್ಟಿನಲ್ಲಿ ಅವರು ಕಲ್ಕತ್ತೆಗೆ ಹಿಂತಿರುಗಿದಾಗ ಕೈಯಲ್ಲಿ ದೊಡ್ಡ ಪದವಿಯಿತ್ತು, ಕಾಸಿರಲಿಲ್ಲ. ಊರಿಗೆ ಬಂದೊಡನೆ ಸ್ನೇಹಿತನೊಬ್ಬನಿಂದ ಧೋತಿ ಮತ್ತು ಹೊದೆಯುವ ವಸ್ತ್ರವನ್ನು ಎರವಲು ಪಡೆದು ವಿಲಾಯತಿ ಉಡುಪನ್ನು ಕಳಚಿದರು. ಮುಂದೆ ಸುಮಾರು ಒಂದು ವರ್ಷ ಉದ್ಯೋಗವಿಲ್ಲ. ಆ ಕಾಲದಲ್ಲಿ ಅವರಿಗೆ ಮನೆಯನ್ನೂ ಅನ್ನವನ್ನೂ ನೀಡಿದವರು ಅವರಂತೆಯೇ ವಿಲಾಯತಿಯಿಂದ ಓದಿ ಬಂದಿದ್ದ ಜಗದೀಶಚಂದ್ರ ಬೋಸರು. ಕೊನೆಗೆ 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ 250 ರೂಪಾಯಿ ಸಂಬಳದ ಹಂಗಾಮಿ ಸಹಾಯಕ ಅಧ್ಯಾಪಕ ಹುದ್ದೆ ದೊರೆಯಿತು. ಅಂಥದೇ ವಿದ್ಯೆಯುಳ್ಳ ಆಂಗ್ಲರಿಗೆ ಮೇಲಿನ ದರ್ಜೆ, ಮೇಲಿನ ಸಂಬಳ. ಭಾರತೀಯನಿಗೆ ಕೆಳಗಿನ ದರ್ಜೆ. ಈ ಅನ್ಯಾಯವನ್ನು ಅವರು ಮೇಲಧಿಕಾರಿಗಳಿಗೆ ತಿಳಿಸಿದರು. ಫಲ ಬರಲಿಲ್ಲ. ಆದರೆ ಅವರು ಕೈಕಟ್ಟಿ ಕುಳಿತುಕೊಳ್ಳುವವರಾಗಿರಲಿಲ್ಲ.

ತುಪ್ಪ ಮತ್ತು ಎಣ್ಣೆಯ ಪರೀಕ್ಷೆ

ಅಧ್ಯಾಪಕರಾದ ಮೇಲೆ ಅವರು ಕೈಗೆತ್ತಿಕೊಂಡ ಮೊದಲನೆಯ ಶೋಧನೆ ನಮ್ಮ ಹೋಟೆಲು ಬಂಧುಗಳಿಗೆ ವಿಶೇಷವಾಗಿ ರುಚಿಸತಕ್ಕದ್ದು. ಕಲ್ಕತ್ತೆಯ ಪೇಟೆಯಲ್ಲಿ ಮಾರಾಟವಾಗುತ್ತಿದ್ದ ತುಪ್ಪ ಮತ್ತು ಸಾಸಿವೆ ಎಣ್ಣೆಯಲ್ಲಿ ಕಲಬೆರಕೆ ವಿಪರೀತವಾಗಿತ್ತು. ಕಲಬೆರಕೆಯನ್ನು ಹಿಡಿಯಬೇಕಾದರೆ ಶುದ್ಧವಾದುದರ ಗುಣಗಳು ಮೊದಲು ಖಚಿತವಾಗಿ ತಿಳಿದಿರಬೇಕು. ಅಂಗಡಿಯವನು ಶುದ್ಧವೆಂದು ಹೇಳಿದುದನ್ನು ನಂಬಿ ಅಳತೆಗೋಲನ್ನು ಮಾಡಲಾಗದು. ಆದ್ದರಿಂದ ಪ್ರಫುಲ್ಲಚಂದ್ರರು ಹಸುವಿನ ಹಾಲನ್ನು ತಮ್ಮ ಕಣ್ಣೆದುರಿಗೆ ಕರೆಸಿದರು. ಬೆಣ್ಣೆಯನ್ನು ತಮ್ಮ ಮುಂದೆಯೇ ತೆಗೆಸಿ ತುಪ್ಪ ಮಾಡಿಸಿದರು. ಎಣ್ಣೆಯನ್ನೂ ಹಾಗೆಯೇ ಎದುರಿಗೆ ನಿಂತು ಗಾಣದಲ್ಲಿ ಹಿಂಡಿಸಿದರು. ಇವುಗಳನ್ನು ಮೂರು ವರ್ಷಗಳಷ್ಟು ಕಾಲ ಪರೀಕ್ಷಿಸಿ, ಫಲಿತಾಂಶವನ್ನು 1894ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಕಣ್ಣಾರೆ ಕಾಣದೆ ನಂಬಬಾರದು, ಪರೀಕ್ಷಿಸದೆ ಹೆಸರಿಡಬಾರದು ಎಂಬ ಅವರ ಸ್ವಭಾವ ಇಲ್ಲಿ ಚೆನ್ನಾಗಿ ಕಾಣುತ್ತದೆ. ಮುಂದೆ ಅವರಿಗೆ ಕೀರ್ತಿಯನ್ನು ತಂದುದೂ ಇದೇ ಸ್ವಭಾವ.

ಮೂಳೆಯಿಂದ ಔಷಧ

ಈ ದೇಶದಲ್ಲಿ ಬೆಳೆದ ಗಿಡಮೂಲಿಕೆಗಳು, ಇಲ್ಲಿನ ಖನಿಜಗಳು ಹಡಗು ಹತ್ತಿ ಹೋಗಿ, ಬಾಟಲಿಯ ಔಷಧಗಳಾಗಿ ಹತ್ತರಷ್ಟು ಬೆಲೆಗೆ ಹಿಂದಿರುಗುವುದನ್ನು ಅವರು ನೋಡುತ್ತಿದ್ದರು. ಪದವೀಧರರಾದ ತರುಣರು ಗುಮಾಸ್ತೆಯ ಒಂದು ಕುರ್ಚಿಗಾಗಿ ಕಚೇರಿಯ ಬಾಗಿಲುಗಳಲ್ಲಿ ನಿಂತು ಸವೆಯುವುದನ್ನೂ ನೋಡುತ್ತಿದ್ದರು. ಈ ಎರಡು ನೋವುಗಳಿಂದ ಹುಟ್ಟಿದುದು ಬಂಗಾಲ್ ಕೆಮಿಕಲ್ ಕಾರ್ಖಾನೆ. 1892ರಲ್ಲಿ ಅಪ್ಪರ್ ಸರ್ಕ್ಯುಲರ್ ರಸ್ತೆಯ 91ನೆಯ ನಂಬರಿನ ತಮ್ಮ ಬಾಡಿಗೆ ಮನೆಯಲ್ಲಿಯೇ, ಏಳೆಂಟು ನೂರು ರೂಪಾಯಿಗಳ ಬಂಡವಾಳದಿಂದ, ಅವರು ಇದನ್ನು ಆರಂಭಿಸಿದರು.

ಆಗ ಬೇಡಿಕೆಯಿದ್ದ ಸೋಡಿಯಂ ಫಾಸ್ಫೇಟ್ ಎಂಬ ಲವಣವನ್ನು ತಯಾರಿಸಲು ಮೂಳೆ ಬೇಕು. ಏಕೆಂದರೆ ಮೂಳೆಯ ಬೂದಿ ಮುಖ್ಯವಾಗಿ ಸುಣ್ಣದ ಫಾಸ್ಫೇಟು. ಪ್ರಫುಲ್ಲಚಂದ್ರರು ರಾಜಾಬಜಾರಿನ ಕಸಾಯಿಗಳಿಂದ ಹಸಿ ಮೂಳೆಗಳನ್ನು ತರಿಸಿ ಮನೆಯ ಮಾಳಿಗೆಯ ಮೇಲೆ ಒಣಗಹಾಕಿದರು. ಅಕಾಲದಲ್ಲಿ ಮಳೆ ಹಿಡಿಯಿತು. ಮೂಳೆ ಕೊಳೆತು ಹುಳು ಬಿದ್ದು, ಕಾಗೆಗಳು ಮುತ್ತಿ, ತುಣುಕುಗಳನ್ನು ನೆರೆಮನೆಗಳಿಗೆಲ್ಲ ಹಂಚಿದುವು! ನೆರೆಯವರ ಕೋಪಕ್ಕೆ ಹೆದರಿ ಅವುಗಳನ್ನು ಊರ ಹೊರಗಿನ ಬಯಲಿಗೆ ಸಾಗಿಸಿ, ಇಟ್ಟಿಗೆಯ ಗೂಡಿನಂತೆ ಒಟ್ಟಿ ರಾತ್ರಿ ಬೆಂಕಿಯಿಟ್ಟರೆ, ಯಾರದೋ ಹೆಣವನ್ನು ಗುಟ್ಟಾಗಿ ಸುಡುತ್ತಿರುವರೆಂದು ಪೊಲೀಸರು ಓಡಿಬಂದರು. ಬೂದಿಯನ್ನು ಗಂಧಕಾಮ್ಲದಿಂದ ಸಂಸ್ಕರಿಸಿ, ಸೋಡ ಬೆರೆಸಿ, ಕೊನೆಗೆ ಬೆಳ್ಳಗಿನ ಶುದ್ಧ ಲವಣವನ್ನು ಪಡೆದರು. ಕೊಳೆತ ಮೂಳೆಯಲ್ಲಿದ್ದುದೂ ಈ ಸೊಗಸಾದ ಹರಳಿನಲ್ಲಿದ್ದುದೂ ಒಂದೇ ಫಾಸ್ಫೇಟು. ಶುದ್ಧಾಶುದ್ಧವೆಂಬ ನಮ್ಮ ಹೇಸಿಗೆಯನ್ನು ರಸಾಯನಶಾಸ್ತ್ರ ಅರಿಯದು.

ಕಾಲೇಜಿನ ಕೆಲಸ ಮುಗಿಸಿ ಬಂದು ಸಂಜೆಯ ಹೊತ್ತು ಕಾರ್ಖಾನೆಯ ಕೆಲಸದಲ್ಲಿ ತೊಡಗುವುದು ಅವರ ದಿನಚರಿಯಾಯಿತು. ಸಹಪಾಠಿಯಾಗಿದ್ದ ಡಾಕ್ಟರ್ ಅಮೂಲ್ಯಚರಣ ಬೋಸರು ಜೊತೆಗೂಡಿದ ಮೇಲೆ ಆಡುಸೋಗೆಯ ಪಾನಕ, ಓಮದ ನೀರು ಮೊದಲಾದ ದೇಶೀಯ ಔಷಧಗಳೂ ಶಾಸ್ತ್ರೀಯವಾಗಿ ತಯಾರಾಗಿ ವೈದ್ಯರ ಕೈ ಸೇರಿದುವು. ಆದರೆ 1898ರಲ್ಲಿ ಅಮೂಲ್ಯಚರಣರು ಪ್ಲೇಗಿಗೆ ತುತ್ತಾದರು. ಸತೀಶಚಂದ್ರ ಸಿಂಹರೆಂಬ ಇನ್ನೊಬ್ಬ ತರುಣ ಸಹಾಯಕರು ಪ್ರಯೋಗಶಾಲೆಯಲ್ಲಿಯೇ ಪ್ರಸ್ಸಿಕ್ ಆಮ್ಲದ ವಿಷದಿಂದ ಆಕಸ್ಮಿಕವಾಗಿ ಅಸುನೀಗಿದರು. ಎರಡು ಕೈಗಳನ್ನೂ ಕಳೆದುಕೊಂಡಂತಾದರೂ ಪ್ರಫುಲ್ಲಚಂದ್ರರು ಬಾಗಿಲು ಹಾಕಲಿಲ್ಲ. 1901ರಲ್ಲಿ ಕಾರ್ಖಾನೆ ಲಿಮಿಟೆಡ್ ಕಂಪೆನಿಯಾಯಿತು; ಕೆಲವು ವರ್ಷಗಳಲ್ಲಿ ಮಾಣಿಕ್‌ತಲಾದಲ್ಲಿ ಸ್ವಂತ ಜಾಗದಲ್ಲಿ ತಲೆಯೆತ್ತಿ ನಿಂತಿತು. ಮುಂದೆ 1980ರಲ್ಲಿ ಭಾರತ ಸರಕಾರ ಅದನ್ನು ರಾಷ್ಟ್ರೀಕರಣ ಮಾಡಿತು.

ಹಳದಿ ಹರಳುಗಳ ಗುಟ್ಟು

ಈ ನಡುವೆ ಪ್ರೆಸಿಡೆನ್ಸಿ ಕಾಲೇಜಿಗೆ 1894ರಲ್ಲಿ ಹೊಸ ರಸಾಯನ ಪ್ರಯೋಗಾಲಯ ಬಂದಿತ್ತು. ಅಲ್ಲಿ ಒಂದು ದಿನ ಅವರು ಕ್ಯಾಲೊಮೆಲ್ ಎಂಬ ಪಾದರಸದ ಔಷಧವನ್ನು ತಯಾರಿಸುವ ಸಿದ್ಧತೆಯಲ್ಲಿದ್ದರು. ಪಾದರಸದ ವಿಷಗುಣ ತಿಳಿದ ಮೇಲೆ ವೈದ್ಯರು ಕೈಬಿಟ್ಟ ಆ ಔಷಧಕ್ಕೆ ಅಂದು ಬಹಳ ಬೇಡಿಕೆಯಿತ್ತು. ಅದಕ್ಕಾಗಿ ಮರ್ಕ್ಯುರಸ್ ನೈಟ್ರೇಟ್ ಎಂಬ ಲವಣ ಹೆಚ್ಚಾಗಿ ಬೇಕು. ಆದ್ದರಿಂದ ಬೇಕಾದಷ್ಟು ಪಾದರಸದ ಮೇಲೆ ನೀರು ಬೆರೆಸಿದ ನೈಟ್ರಿಕ್ ಆಮ್ಲವನ್ನು ಹೊಯ್ದು, ಕಾಯಿಸದೆ, ತಣ್ಣಗೆ ಹಾಗೆಯೇ ಬಿಟ್ಟಿದ್ದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಪಾದರಸದ ಮೇಲೆ ಹಳದಿ ಬಣ್ಣದ ಹರಳುಗಳು ಕಟ್ಟಿದ್ದುವು.

ಇಂಥದನ್ನು ಕಂಡಾಗ ಸಾಮಾನ್ಯನಾದವನು ಏನು ಮಾಡುತ್ತಾನೆ? ಏನೋ ಕಲ್ಮಷವೆಂದು ತೊಳೆದು ಚೆಲ್ಲುತ್ತಾನೆ. ಇಲ್ಲವೆ ಪುಸ್ತಕದಲ್ಲಿರುವ ಹೆಸರೊಂದನ್ನು ಅದಕ್ಕೆ ಅಂಟಿಸುತ್ತಾನೆ. ಪುಸ್ತಕದ ಹೆಸರು ಪ್ರಫುಲ್ಲಚಂದ್ರರಿಗೂ ಮೊದಲು ಹೊಳೆಯಿತು. ಆಮ್ಲ ಸಾಲದೆ ನೀರು ಹೆಚ್ಚಾದಾಗ ಪಾದರಸದ ಲವಣಗಳು ಹಳದಿಯಾಗಿ ಕೆಳಗಿಳಿಯುವುದುಂಟು. ಇದೂ ಅಂಥದೇ ಇರಬಹುದೆಂದು ಭಾವಿಸಿದರು. ಆದರೆ ಮರುಕ್ಷಣವೇ ಅವರಲ್ಲಿ ಸಂದೇಹ ಮೂಡಿತು. ಪಾತ್ರೆಯಲ್ಲಿರುವ ದ್ರವ ಬೇಕಾದಷ್ಟು ಹುಳಿಯಾಗಿಯೇ ಇದೆ. ಆಮ್ಲವು ಇಷ್ಟು ತುಂಬಿರುವಾಗ, ಆಮ್ಲ ಸಾಲದೆ ಹುಟ್ಟುವ ಲವಣ ಹೇಗೆ ಬಂದೀತು? ತಮ್ಮ ಮೊದಲನೆಯ ಊಹೆಯನ್ನು ತಾವೇ ತಳ್ಳಿಹಾಕಿ, ಹರಳುಗಳನ್ನು ಬೇರ್ಪಡಿಸಿ, ಪರೀಕ್ಷೆಗೆ ಕುಳಿತರು.

ಇಲ್ಲಿ ಋಣ ಅಯಾನುಗಳನ್ನು ಗುರುತಿಸುವ ಕ್ರಮವನ್ನು ಸ್ವಲ್ಪ ತಿಳಿದರೆ ಮುಂದಿನ ಮಾತು ಸ್ಪಷ್ಟವಾಗುತ್ತದೆ. ಲವಣವನ್ನು ನೀರಿನಲ್ಲಿ ಕರಗಿಸಿ, ನೈಟ್ರಿಕ್ ಆಮ್ಲ ಸೇರಿಸಿ, ಸಿಲ್ವರ್ ನೈಟ್ರೇಟಿನ ಎರಡು ತೊಟ್ಟು ಬಿಟ್ಟಾಗ ಒಡೆದ ಮೊಸರಿನಂಥ ಬಿಳಿಯ ವಸ್ತು ಕಟ್ಟಿ, ಅದು ಅಮೋನಿಯಾ ದ್ರವದಲ್ಲಿ ಕರಗಿಹೋದರೆ ಕ್ಲೋರೈಡು. ಬೇರಿಯಂ ಕ್ಲೋರೈಡನ್ನು ಹಾಕಿದಾಗ ಬಿಳಿಯ ಪುಡಿ ಇಳಿದು, ಯಾವ ಆಮ್ಲಕ್ಕೂ ಕರಗದೆ ಉಳಿದರೆ ಸಲ್ಫೇಟು. ನೈಟ್ರಿಕ್ ಆಮ್ಲದೊಡನೆ ಅಮೋನಿಯಂ ಮಾಲಿಬ್ಡೇಟನ್ನು ಹಾಕಿ ಬೆಚ್ಚಗೆ ಮಾಡಿದಾಗ ಹಳದಿಯ ಪುಡಿ ಕಂಡರೆ ಫಾಸ್ಫೇಟು. ಆಮ್ಲ ಸೋಕಿದೊಡನೆ ನೊರೆಯೆದ್ದು, ಹೊರಟ ಗಾಳಿಯು ತಿಳಿ ಸುಣ್ಣದ ನೀರನ್ನು ಹಾಲಿನಂತೆ ಮಾಡಿದರೆ ಕಾರ್ಬೊನೇಟು ಅಥವಾ ಬೈಕಾರ್ಬೊನೇಟು. ಭಟ್ಟರ ನಿಂಬೆಯ ರಸದ ಪರೀಕ್ಷೆ ಇದೇ.

ಆದರೆ ಅಣ್ಣತಮ್ಮಂದಿರಂತಿರುವ ಎರಡು ಅಂಗಗಳುಂಟು: ನೈಟ್ರೇಟು ಮತ್ತು ನೈಟ್ರೈಟು. ಎರಡರಲ್ಲಿಯೂ ಇರುವುದು ಸಾರಜನಕ ಮತ್ತು ಆಮ್ಲಜನಕಗಳೇ. ನೈಟ್ರೇಟಿನಲ್ಲಿ ಆಮ್ಲಜನಕದ ಪಾಲು ಮೂರು, ನೈಟ್ರೈಟಿನಲ್ಲಿ ಎರಡು, ವ್ಯತ್ಯಾಸ ಇಷ್ಟೇ. ಹೆಸರಿನಲ್ಲಿಯೂ ಒಂದಕ್ಷರದ ಭೇದ. ಫೆರಸ್ ಸಲ್ಫೇಟಿನ ದ್ರಾವಣದೊಡನೆ ಬೆರೆಸಿ, ನಳಿಗೆಯ ಅಂಚಿನಿಂದ ಪ್ರಬಲವಾದ ಗಂಧಕಾಮ್ಲವನ್ನು ಮೆಲ್ಲನೆ ಇಳಿಬಿಟ್ಟಾಗ ಎರಡು ದ್ರವಗಳು ಕೂಡುವೆಡೆಯಲ್ಲಿ ಕಂದು ಬಣ್ಣದ ಉಂಗುರ ಕಟ್ಟುವುದು ನೈಟ್ರೇಟಿನ ಗುರುತು. ಇದಕ್ಕೆ ಪ್ರಬಲ ಆಮ್ಲವೇ ಬೇಕು. ನೈಟ್ರೈಟಾದರೋ ಇಷ್ಟು ಕಾಯುವುದಿಲ್ಲ. ನೀರು ಬೆರೆಸಿದ ಆಮ್ಲ ತಗುಲಿದರೂ ಸಾಕು, ಕೆಂಗಂದು ಹೊಗೆಯನ್ನು ಉಗುಳುತ್ತದೆ. ಗಂಜಿ ಮತ್ತು ಪೊಟ್ಯಾಸಿಯಂ ಅಯೊಡೈಡ್ ಸವರಿದ ಕಾಗದವನ್ನು ನೀಲಿಯಾಗಿಸುತ್ತದೆ. ಅಷ್ಟು ಚಂಚಲವಾದ ಅಂಗ ಅದು.

ಹಳದಿ ಹರಳುಗಳ ಮೊದಲನೆಯ ಪರೀಕ್ಷೆಯಲ್ಲಿಯೇ ಎರಡು ಸಂಗತಿಗಳು ಹೊರಬಿದ್ದುವು. ಲೋಹದ ಕಡೆ ಪಾದರಸವು ಮರ್ಕ್ಯುರಸ್ ರೂಪದಲ್ಲಿತ್ತು. ಆಮ್ಲದ ಕಡೆ ಇದ್ದುದು ನೈಟ್ರೇಟಲ್ಲ, ನೈಟ್ರೈಟು! ಆಮ್ಲದ ನಡುವೆ ಉಳಿಯಲಾರದೆಂದು ಎಲ್ಲರೂ ತಿಳಿದಿದ್ದ ಅಂಗ, ಆಮ್ಲದ ಮಡಿಲಲ್ಲಿಯೇ ಹರಳುಗಟ್ಟಿ ಕುಳಿತಿತ್ತು. ಒಂದು ಸಲದ ಪರೀಕ್ಷೆಯಿಂದ ಅವರು ತೃಪ್ತರಾಗಲಿಲ್ಲ. ಹರಳುಗಳಲ್ಲಿ ಪಾದರಸವೆಷ್ಟು, ಸಾರಜನಕವೆಷ್ಟು ಎಂದು ತೂಗಿ ಅಳೆದು, ಲೆಕ್ಕ ಸರಿಹೋದ ಮೇಲೆಯೇ ಮರ್ಕ್ಯುರಸ್ ನೈಟ್ರೈಟ್ ಎಂಬ ಹೆಸರಿಟ್ಟರು. 1896ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಪ್ರಕಟವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ನೇಚರ್ ಪತ್ರಿಕೆ ಅದನ್ನು ಗಮನಿಸಿ ಬರೆಯಿತು.

ಒಂದಕ್ಷರದ ಭೇದಕ್ಕೆ ಇಷ್ಟೊಂದು ಸಂಭ್ರಮವೇ ಎಂದು ಕೆಲವರು ಕೇಳಬಹುದು. ಭಾರತೀಯನು ಪಾಠವನ್ನು ಬಾಯಿಪಾಠ ಮಾಡಬಲ್ಲನೇ ಹೊರತು ಹೊಸದನ್ನು ಕಾಣಲಾರನೆಂಬ ಅಭಿಪ್ರಾಯ ಆಳುವವರಲ್ಲಿ ಬಲವಾಗಿದ್ದ ಕಾಲ ಅದು. ಅದನ್ನು ವಾದದಿಂದ ಅಳಿಸುವುದು ಸಾಧ್ಯವಿರಲಿಲ್ಲ. ಯಾವ ದೇಶದವನು ಮಾಡಿದರೂ ಅದೇ ಉತ್ತರವನ್ನು ಕೊಡುವ ಪರೀಕ್ಷೆಯೊಂದೇ ಅದಕ್ಕೆ ಸಮರ್ಥವಾದ ಸಾಕ್ಷಿ. ಕೆಳಗಿನ ದರ್ಜೆಯ ಸಂಬಳ ಪಡೆಯುತ್ತಿದ್ದ ಅಧ್ಯಾಪಕರ ಪರವಾಗಿ ಆ ಹಳದಿ ಹರಳುಗಳು ಸಾಕ್ಷಿ ನುಡಿದುವು.

ಮುಂದೆ ಹಲವು ವರ್ಷಗಳ ಕಾಲ ಅವರೂ ಅವರ ಶಿಷ್ಯರೂ ನೈಟ್ರೈಟುಗಳ ಬೆನ್ನು ಹತ್ತಿದರು. ಕಾಯಿಸಿದೊಡನೆ ಒಡೆದು ನೀರೂ ಸಾರಜನಕವೂ ಆಗಿಬಿಡುವ ಅಮೋನಿಯಂ ನೈಟ್ರೈಟನ್ನು ಅವರು ಗಾಳಿಯಿಲ್ಲದ ಪಾತ್ರೆಯಲ್ಲಿ ಜಾಗರೂಕತೆಯಿಂದ ಆವಿಯಾಗಿಸಿ, ಆ ಆವಿಯ ಸಾಂದ್ರತೆಯನ್ನು ಅಳೆದರು. 1912ರಲ್ಲಿ ಲಂಡನ್ನಿನಲ್ಲಿ ಈ ಕೆಲಸವನ್ನು ಮಂಡಿಸಿದಾಗ ವಿಲಿಯಂ ರ‍್ಯಾಮ್ಸೆಯಂಥ ದೊಡ್ಡ ವಿಜ್ಞಾನಿಗಳು ಅಭಿನಂದಿಸಿದರು. ನೈಟ್ರೈಟುಗಳ ಒಡೆಯರೆಂದೇ ಅವರು ವಿಲಾಯತಿಯಲ್ಲಿ ಹೆಸರಾದರು.

ಹಿಂದಿನವರ ರಸವಿದ್ಯೆ

ಹೊಸದನ್ನು ಹುಡುಕಿದ ಈ ಮನುಷ್ಯ ಹಳೆಯದನ್ನು ಮರೆತವರಲ್ಲ. ಓಲೆಗರಿಗಳನ್ನೂ ಕೈಬರಹದ ಗ್ರಂಥಗಳನ್ನೂ ಸಂಗ್ರಹಿಸಿ, ಸಂಸ್ಕೃತ ಪಂಡಿತರ ನೆರವಿನಿಂದ ಓದಿ, ಹಿಂದೂ ರಸಾಯನಶಾಸ್ತ್ರದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದರು. ಮೊದಲನೆಯದು 1902ರಲ್ಲಿ, ಎರಡನೆಯದು 1909ರಲ್ಲಿ ಹೊರಬಂದಿತು. ಈ ಕೆಲಸಕ್ಕೆ ಅವರನ್ನು ಹುರಿದುಂಬಿಸಿದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬರ್ತಲೋ ಅವರು.

ಸುಶ್ರುತ ಸಂಹಿತೆಯಲ್ಲಿ ಮೃದು ಕ್ಷಾರ ಮತ್ತು ತೀಕ್ಷ್ಣ ಕ್ಷಾರ ಎಂಬ ಭೇದವಿದೆ. ಗಿಡಗಳ ಬೂದಿಯ ನೀರು ಮೃದುವಾದುದು; ಅದಕ್ಕೆ ಸುಟ್ಟ ಸುಣ್ಣವನ್ನು ಸೇರಿಸಿದರೆ ತೀಕ್ಷ್ಣವಾಗುತ್ತದೆ; ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಬಾಯಿ ಮುಚ್ಚಿ ಇಡಬೇಕು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಕಾರ್ಬೊನೇಟು, ಎರಡನೆಯದು ಹೈಡ್ರಾಕ್ಸೈಡು. ಋಣ ಅಯಾನು ಎಂಬ ಹೆಸರನ್ನರಿಯದಿದ್ದರೂ ಆ ಭೇದವನ್ನು ಕೈಯಿಂದ ಅರಿತಿದ್ದ ಪ್ರಾಚೀನರ ಕುಶಲತೆಯನ್ನು ಪ್ರಫುಲ್ಲಚಂದ್ರರು ಲೋಕದ ಮುಂದಿಟ್ಟರು. ಜೊತೆಗೆ ಕಹಿಯಾದ ಮಾತೊಂದನ್ನೂ ಅವರು ಮರೆಮಾಚಲಿಲ್ಲ. ಕೈಕೆಲಸ ಕೀಳೆಂಬ ಭಾವನೆ ಬೆಳೆದು, ವಿದ್ಯಾವಂತರು ಕುಲುಮೆಯಿಂದಲೂ ಒರಳಿನಿಂದಲೂ ದೂರ ಸರಿದುದರಿಂದಲೇ ನಮ್ಮಲ್ಲಿ ವಿಜ್ಞಾನ ಕ್ಷೀಣಿಸಿತೆಂದು ಅವರು ವಿವರಿಸಿದರು. ದುಡಿಯುವ ಕೈ ಮತ್ತು ಚಿಂತಿಸುವ ತಲೆ ಬೇರೆಯಾದುದೇ ಆ ಅವನತಿಗೆ ಕಾರಣವೆಂಬುದು ಅವರ ನಿರ್ಣಯ.

ಗುರು ಮತ್ತು ಸನ್ಯಾಸಿ

1916ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ನಿವೃತ್ತರಾಗಿ ಅವರು ಕಲ್ಕತ್ತೆಯ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೊದಲನೆಯ ಪಾಲಿತ್ ಪ್ರಾಧ್ಯಾಪಕರಾದರು. 1919ರಲ್ಲಿ ಸರ್ ಪದವಿ ಬಂದಿತು. 1924ರಲ್ಲಿ ಭಾರತೀಯ ರಸಾಯನ ಸಂಘ ಸ್ಥಾಪನೆಯಾದಾಗ ಅವರೇ ಮೊದಲನೆಯ ಅಧ್ಯಕ್ಷರು. ಮೇಘನಾದ ಸಾಹಾ, ಸತ್ಯೇಂದ್ರನಾಥ ಬೋಸ್, ನೀಲರತನ ಧರ್, ಜ್ಞಾನಚಂದ್ರ ಘೋಷ್ ಮುಂತಾದವರು ಅವರ ತರಗತಿಯಲ್ಲಿ ಕುಳಿತವರು. ಇವರಲ್ಲಿ ಜ್ಞಾನಚಂದ್ರ ಘೋಷರು 1939ರಿಂದ 1948ರವರೆಗೆ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದರು. ಹೀಗೆ ಆಚಾರ್ಯರು ಹಚ್ಚಿದ ದೀಪದ ಬೆಳಕು ನಮ್ಮ ಕನ್ನಡ ನಾಡಿಗೂ ಬಂದಿತು.

ಅವರು ವಿವಾಹವಾಗಲಿಲ್ಲ. ವಿಜ್ಞಾನ ಕಾಲೇಜಿನ ಒಂದು ಕೋಣೆಯೇ ಅವರ ಮನೆ. ಬಡ ವಿದ್ಯಾರ್ಥಿಗಳೇ ಅವರ ಸಂಸಾರ. 1902ರ ಸುಮಾರಿಗೆ ಗೋಖಲೆಯವರು ಕಲ್ಕತ್ತೆಯಲ್ಲಿ ಗಾಂಧೀಜಿಯವರಿಗೆ ಇವರ ಪರಿಚಯ ಮಾಡಿಕೊಡುವಾಗ, ಎಂಟುನೂರು ರೂಪಾಯಿ ಸಂಬಳದಲ್ಲಿ ನಲವತ್ತನ್ನು ಮಾತ್ರ ತಮಗಿಟ್ಟುಕೊಂಡು ಉಳಿದುದನ್ನು ಲೋಕೋಪಕಾರಕ್ಕೆ ಕೊಡುವವರೆಂದು ತಿಳಿಸಿದುದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಅರವತ್ತು ತುಂಬಿದ 1921ರಿಂದ ಮುಂದೆ, 1936ರಲ್ಲಿ ಕೆಲಸದಿಂದ ಬಿಡುಗಡೆಯಾಗುವವರೆಗೆ, ಪೂರ್ತಿ ಸಂಬಳವನ್ನು ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. 1921ರಲ್ಲಿ ಖುಲನಾದಲ್ಲಿ ಕ್ಷಾಮ ಬಂದಾಗಲೂ, 1922ರಲ್ಲಿ ಉತ್ತರ ಬಂಗಾಳ ಪ್ರವಾಹದಲ್ಲಿ ಮುಳುಗಿದಾಗಲೂ ಅವರು ಪರಿಹಾರ ಕಾರ್ಯದ ಮುಂದೆ ನಿಂತರು. ಪ್ರಯೋಗಾಲಯದ ಕಟ್ಟಡ ಆಗ ಬಟ್ಟೆಯ ಗಂಟುಗಳ, ಧಾನ್ಯದ ಮೂಟೆಗಳ ಉಗ್ರಾಣವಾಗಿತ್ತು.

ಪದವಿಯ ಚೀಟಿಗಾಗಿ ಓದುವುದನ್ನೂ, ನೌಕರಿಯೊಂದನ್ನೇ ಜೀವನದ ಗುರಿ ಮಾಡಿಕೊಳ್ಳುವುದನ್ನೂ ಅವರು ಕೊನೆಯವರೆಗೆ ಖಂಡಿಸಿದರು. ಹೊರಪ್ರಾಂತಗಳಿಂದ ಬರಿಗೈಯಲ್ಲಿ ಕಲ್ಕತ್ತೆಗೆ ಬಂದು, ಮೈಬಗ್ಗಿಸಿ ದುಡಿದು, ವ್ಯಾಪಾರದಲ್ಲಿ ನೆಲೆನಿಂತವರನ್ನು ತಮ್ಮ ಜನರಿಗೆ ಮಾದರಿಯಾಗಿ ತೋರಿಸುತ್ತಿದ್ದರು. 1932 ಮತ್ತು 1935ರಲ್ಲಿ ಎರಡು ಸಂಪುಟಗಳಾಗಿ ಬಂದ ಅವರ ಆತ್ಮಕಥೆಯಲ್ಲಿ ವಿಜ್ಞಾನದಷ್ಟೇ ಇಂಥ ವಿಚಾರಗಳೂ ತುಂಬಿವೆ. ಊರು ಬಿಟ್ಟು ಬಂದು, ಮುಂಬಯಿ ಪುಣೆಗಳಲ್ಲಿ ತಟ್ಟೆ ಲೋಟ ತೊಳೆಯುವುದರಿಂದ ಬಾಳನ್ನು ಆರಂಭಿಸಿದ ನಮ್ಮವರಿಗೆ ಈ ಮಾತು ತಮ್ಮ ಮನೆಯ ಮಾತೆಂದೇ ತೋರುತ್ತದೆ. ಗುಮಾಸ್ತರಾದ ನಮ್ಮ ಬಂಧುಗಳು ಇದನ್ನು ತಮ್ಮ ಮೇಲಿನ ನಿಂದೆಯೆಂದು ಎಣಿಸಬೇಕಾಗಿಲ್ಲ. ಕೆಲಸ ಯಾವುದಾದರೂ ಇರಲಿ, ಚೀಟಿಯನ್ನು ನೋಡಿ ಮನುಷ್ಯನಿಗೆ ಬೆಲೆ ಕಟ್ಟಬಾರದೆಂಬುದೇ ಅದರ ತಿರುಳು.

1944ನೆಯ ಇಸವಿ ಜೂನ್ 16ರಂದು, ವಿಜ್ಞಾನ ಕಾಲೇಜಿನ ತಮ್ಮ ಅದೇ ಕೋಣೆಯಲ್ಲಿ, ಶಿಷ್ಯರ ನಡುವೆ, 82 ವರ್ಷದ ಆಚಾರ್ಯರು ಕೊನೆಯುಸಿರೆಳೆದರು. ಅವರ ನೂರೈವತ್ತನೆಯ ಜನ್ಮವರ್ಷವಾದ 2011ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯು ಅವರ ಗೌರವಾರ್ಥವಾಗಿ ಸ್ಮಾರಕ ಫಲಕವನ್ನು ನೀಡಿತು. ತಮ್ಮವರಿಗಿಂತ ಕೆಳಗಿನ ದರ್ಜೆಯಲ್ಲಿ ಅವರನ್ನು ಕೂರಿಸಿದ ದೇಶದಿಂದಲೇ ಈ ಮನ್ನಣೆ ಬಂದಿತು.

ಹೈಸ್ಕೂಲಿನ ಮಕ್ಕಳು ನಳಿಗೆಯಲ್ಲಿ ಲವಣವನ್ನು ಕರಗಿಸಿ ಕಂದು ಉಂಗುರಕ್ಕಾಗಿ ಕಾಯುವಾಗ ಹೆಚ್ಚಿನವರಿಗೆ ನೆನಪಿರುವುದು ಅಂಕಗಳು ಮಾತ್ರ. ನಿಮ್ಮ ಮನೆಯ ಮಗುವೊಂದು ಆ ಪಾಠವನ್ನು ಓದುತ್ತಿದ್ದರೆ, ಈ ಹಳದಿ ಹರಳುಗಳ ಕಥೆಯನ್ನು ಅದಕ್ಕೆ ಹೇಳಿರಿ. ಮೊದಲು ಹೊಳೆದ ಹೆಸರನ್ನು ತಾವೇ ಅಳಿಸಿ, ಮತ್ತೊಮ್ಮೆ ಪರೀಕ್ಷಿಸಿ ನೋಡಿದ ಗುರುವೊಬ್ಬರು ನಮ್ಮ ದೇಶದಲ್ಲಿದ್ದರೆಂಬುದು ಆ ಮಗುವಿಗೆ ತಿಳಿದಿರಲಿ.